ವೇಗ ತಾಳೆಯಾಯಿತು, ಒತ್ತಡದ ಗತಿಯೇನು?

ಕೋವಿಯಿಂದ ಹೊರಡುವ ಗುಂಡಿನ ವೇಗ ಕಂಪ್ಯೂಟರ್ ಲೆಕ್ಕದಲ್ಲಿ ಸೆಕೆಂಡಿಗೆ 812 ಮೀಟರ್. ಮೈದಾನದಲ್ಲಿ ವೇಗ ಅಳೆಯುವ ಯಂತ್ರ, ಕ್ರೋನೋಗ್ರಾಫ್, ತೋರಿಸಿದ್ದು 796. ಇಂಥ ವ್ಯತ್ಯಾಸ ಕಂಡಾಗ ತೋಟೆ ತುಂಬುವ ಹವ್ಯಾಸಿಗಳು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ಸಾಫ್ಟ್‌ವೇರಿನಲ್ಲಿ ಮದ್ದು ಉರಿಯುವ ಚುರುಕಿನ ಅಂಕಿಯನ್ನು ಚೂರು ಇಳಿಸಿ, ಎರಡು ವೇಗಗಳನ್ನೂ ಒಂದು ಮಾಡಿ, ‘ಈಗ ಸರಿಹೋಯಿತು’ ಎಂದುಕೊಳ್ಳುವುದು. ಅದೇ ಪರದೆಯ ಮೇಲೆ ವೇಗದ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಗರಿಷ್ಠ ಒತ್ತಡ. ಕೋವಿ ತಾಳುತ್ತದೋ ಒಡೆಯುತ್ತದೋ ಎಂಬುದು ನಿಂತಿರುವುದು ಅದರ ಮೇಲೆ. ವೇಗ ತಾಳೆಯಾದ ಮಾತ್ರಕ್ಕೆ ಒತ್ತಡವೂ ತಾಳೆಯಾಯಿತೇ? ಆಗಿರಬೇಕಿಲ್ಲ. ಈ ಸಾಫ್ಟ್‌ವೇರುಗಳನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಯ ಹುರುಳೆಲ್ಲ ಅಲ್ಲೇ ಇದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಹಾರಿಸಿದ ತೋಟೆಯ ಹಿತ್ತಾಳೆ ಕೇಸನ್ನು ಎಸೆಯದೆ, ಅದಕ್ಕೆ ಹೊಸ ಪ್ರೈಮರ್ (ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಬಟ್ಟಲು) ಒತ್ತಿ, ಮದ್ದು ತೂಗಿ ಸುರಿದು, ಬಾಯಿಗೆ ಹೊಸ ಗುಂಡು ಕೂರಿಸಿ ಮತ್ತೆ ಬಳಸುವುದಕ್ಕೆ ರಿಲೋಡಿಂಗ್ ಎನ್ನುತ್ತಾರೆ. ಅಮೆರಿಕ, ಜರ್ಮನಿ, ಆಸ್ಟ್ರೇಲಿಯಾಗಳ ಗುರಿಕಾರರಲ್ಲಿ ಇದು ಹಳೆಯ ಹವ್ಯಾಸ. ನಮ್ಮಲ್ಲಿ 1959ರ ಆಯುಧ ಕಾಯ್ದೆಯಂತೆ ಮದ್ದುಗುಂಡು ತಯಾರಿಸಲು ಲೈಸೆನ್ಸ್ ಬೇಕು, ಹಾಗಾಗಿ ಇಲ್ಲಿ ಇದು ಮನೆಯ ಮೇಜಿನ ಮೇಲಿನ ಕೆಲಸವಲ್ಲ. ಮಲೆನಾಡಿನಲ್ಲಿ ಕೇಪಿನ ಕೋವಿಗೆ ಮದ್ದು ಜಡಿಯುವುದನ್ನು ನೋಡಿದವರು ಇರಬಹುದು. ಆದರೆ ಆ ಕರಿಮದ್ದಿಗೂ ಇಲ್ಲಿ ಮಾತಾಡುತ್ತಿರುವ ಹೊಗೆಯಿಲ್ಲದ ಮದ್ದಿಗೂ ಸ್ವಭಾವದಲ್ಲಿ ಅಜಗಜಾಂತರ. ಫ್ರಾನ್ಸಿನ ಪಾಲ್ ವಿಯೇ 1884ರಲ್ಲಿ ರೂಪಿಸಿದ ಈ ಎರಡನೆಯ ಬಗೆಯ ಮದ್ದು ಕೈಯಳತೆಯ ಅಂದಾಜನ್ನು ಕ್ಷಮಿಸುವುದಿಲ್ಲ.

ಪ್ರೈಮರ್ ಸಿಡಿದ ಗಳಿಗೆಯಿಂದ ಗುಂಡು ನಳಿಗೆಯ ತುದಿ ದಾಟುವವರೆಗೆ ನಡೆಯುವುದೆಲ್ಲ ಆಂತರಿಕ ಬ್ಯಾಲಿಸ್ಟಿಕ್ಸ್. ರೈಫಲಿನಲ್ಲಿ ಇದಕ್ಕೆ ತಗಲುವ ಕಾಲ ಒಂದರಿಂದ ಒಂದೂವರೆ ಮಿಲಿಸೆಕೆಂಡ್. ಜರ್ಮನಿಯಲ್ಲಿ ಹುಟ್ಟಿದ ಕ್ವಿಕ್‌ಲೋಡ್, ಗಾರ್ಡನ್ಸ್ ರಿಲೋಡಿಂಗ್ ಟೂಲ್ ಎಂಬ ಎರಡು ಸಾಫ್ಟ್‌ವೇರುಗಳು ಈ ಅವಧಿಯನ್ನು ಸಣ್ಣ ಸಣ್ಣ ತುಣುಕು ಮಾಡಿ ಲೆಕ್ಕ ಹಾಕುತ್ತವೆ. ಕೇಸಿನೊಳಗೆ ಎಷ್ಟು ಜಾಗ, ಗುಂಡಿನ ತೂಕ ಮತ್ತು ಉದ್ದ ಎಷ್ಟು, ಅದು ಎಷ್ಟು ಆಳಕ್ಕೆ ಕೂತಿದೆ, ನಳಿಗೆ ಎಷ್ಟು ಉದ್ದ, ಮದ್ದು ಯಾವುದು, ಎಷ್ಟು ಗ್ರೇನ್ (ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ) ಎಂದು ಕೇಳಿಕೊಂಡು ಒತ್ತಡದ ಗೆರೆಯನ್ನೂ ಗುಂಡಿನ ವೇಗವನ್ನೂ ಬಿಡಿಸಿ ತೋರಿಸುತ್ತವೆ. 1960ರ ದಶಕದಲ್ಲಿ ಇದೇ ಕೆಲಸಕ್ಕೆ ಅಮೆರಿಕದಲ್ಲಿ ಪೌಲಿ ಕಂಪ್ಯೂಟರ್ ಎಂಬ ರಟ್ಟಿನ ಜಾರುಪಟ್ಟಿ ಸಿಗುತ್ತಿತ್ತು.

ಲೆಕ್ಕದ ಬೆನ್ನೆಲುಬು ಇದು. ಮದ್ದಿನ ಕಾಳು ಮೇಲ್ಮೈಯಿಂದ ಒಳಕ್ಕೆ ಪದರ ಪದರವಾಗಿ ಉರಿಯುತ್ತದೆ. ಸುತ್ತಲ ಒತ್ತಡ ಹೆಚ್ಚಿದಷ್ಟೂ ಉರಿ ಚುರುಕಾಗುತ್ತದೆ. ಈ ಸಂಬಂಧಕ್ಕೆ ವಿಯೇ ಅವರ ಹೆಸರೇ ಇದೆ. ಉರಿದಷ್ಟು ಅನಿಲ, ಅನಿಲದಷ್ಟು ಒತ್ತಡ, ಒತ್ತಡ ಏರಿದಂತೆ ಮತ್ತಷ್ಟು ಚುರುಕಾದ ಉರಿ. ಈ ಸರಪಳಿಗೆ ಕಡಿವಾಣ ಹಾಕುವುದು ಗುಂಡು ಮುಂದೆ ಸರಿದು ಬಿಟ್ಟುಕೊಡುವ ಜಾಗ. ಹೀಗೆ ತನ್ನನ್ನು ತಾನೇ ಉಬ್ಬಿಸಿಕೊಳ್ಳುವ ಪ್ರಕ್ರಿಯೆಯಾದ್ದರಿಂದ ಆರಂಭದ ಚಿಕ್ಕ ತಪ್ಪು ಕೊನೆಯಲ್ಲಿ ಚಿಕ್ಕದಾಗಿ ಉಳಿಯುವುದಿಲ್ಲ. ಕಾಳಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಉಂಡೆ ಕಾಳು ಉರಿದಂತೆ ಅದರ ಮೇಲ್ಮೈ ಕುಗ್ಗುತ್ತದೆ. ಏಳು ತೂತಿನ ಕಡ್ಡಿ ಉರಿದಂತೆ ತೂತುಗಳು ಅಗಲವಾಗಿ ಮೇಲ್ಮೈ ಹಿಗ್ಗುತ್ತದೆ. ಇದರ ಜೊತೆಗೆ, ಆರಂಭದ ಉರಿ ನಿಧಾನವಾಗಲೆಂದು ಕಾಳಿನ ಹೊರಮೈಗೆ ರಾಸಾಯನಿಕದ ಲೇಪ ಕೊಟ್ಟಿರುತ್ತಾರೆ. ಆ ಲೇಪ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಕಾರ್ಖಾನೆಯ ಗುಟ್ಟು.

ಸರಾಸರಿಯೂ ತುದಿಯೂ

ಈಗ ಒಂದು ನಿಜವಾದ ತೋಟೆಯನ್ನೇ ತೆಗೆದುಕೊಳ್ಳೋಣ. .308 ವಿಂಚೆಸ್ಟರ್, 168 ಗ್ರೇನಿನ ಗುಂಡು, ಅಂದರೆ 10.9 ಗ್ರಾಂ. ನಳಿಗೆ 24 ಇಂಚು. ತುದಿ ದಾಟುವಾಗ ವೇಗ ಸೆಕೆಂಡಿಗೆ 800 ಮೀಟರ್ ಎಂದುಕೊಂಡರೆ ಗುಂಡಿನ ಚಲನಶಕ್ತಿ ಸುಮಾರು 3,500 ಜೂಲ್. ಗುಂಡಿನ ಬುಡದ ವಿಸ್ತೀರ್ಣ 48 ಚದರ ಮಿಲಿಮೀಟರ್, ಅದು ನಳಿಗೆಯೊಳಗೆ ಸಾಗುವ ದೂರ ಸುಮಾರು 56 ಸೆಂಟಿಮೀಟರ್. ಶಕ್ತಿಯನ್ನು ಈ ಎರಡರ ಗುಣಲಬ್ಧದಿಂದ ಭಾಗಿಸಿದರೆ ಗುಂಡನ್ನು ತಳ್ಳಿದ ಸರಾಸರಿ ಒತ್ತಡ ಸಿಗುತ್ತದೆ: ಸುಮಾರು 1,300 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ). ಇದೇ ತೋಟೆಯಲ್ಲಿ ಗರಿಷ್ಠ ಒತ್ತಡ 4,000 ಬಾರಿನ ಸುತ್ತ ಹೋಗುತ್ತದೆ. ಆ ತುದಿಯಲ್ಲಿ ಒಂದು ಬೆರಳಿಗಿಂತ ಸಪೂರವಾದ ಗುಂಡಿನ ಬೆನ್ನ ಮೇಲೆ ಹೆಚ್ಚುಕಡಿಮೆ ಎರಡು ಟನ್ ಭಾರ ಬಿದ್ದಿರುತ್ತದೆ.

ವೇಗವನ್ನು ತೀರ್ಮಾನಿಸುವುದು ಆ 1,300. ಲೋಹವನ್ನು ಪರೀಕ್ಷೆಗೊಡ್ಡುವುದು ಈ 4,000. ಸರಾಸರಿ ಹಾಗೇ ಇದ್ದು ತುದಿ ಮಾತ್ರ ಏರಬಹುದು, ಇಳಿಯಬಹುದು. ಚುರುಕು ಮದ್ದು ಆರಂಭದಲ್ಲೇ ಚೂಪಾದ ಶಿಖರ ಎಬ್ಬಿಸಿ ಬೇಗ ತಣ್ಣಗಾಗುತ್ತದೆ. ನಿಧಾನದ ಮದ್ದು ತಗ್ಗಾದ ಗುಡ್ಡ ಎಬ್ಬಿಸಿ ದೂರದವರೆಗೂ ತಳ್ಳುತ್ತದೆ. ಇಬ್ಬರೂ ಗುಂಡನ್ನು ಅದೇ 800ಕ್ಕೆ ಮುಟ್ಟಿಸಬಲ್ಲರು. ಬೆಂಗಳೂರು ಬಿಟ್ಟ ಬಸ್ಸು ಮೂರು ಗಂಟೆಯಲ್ಲಿ ಮೈಸೂರು ತಲುಪಿತು ಎಂದಷ್ಟೇ ಗೊತ್ತಿದ್ದರೆ, ಮದ್ದೂರಿನ ಹತ್ತಿರ ಡ್ರೈವರ್ ಎಷ್ಟರಲ್ಲಿ ಓಡಿಸಿದ ಎಂದು ಹೇಳಲಾಗದು. ಕ್ರೋನೋಗ್ರಾಫ್ ಕೊಡುವುದು ಆ ಮೂರು ಗಂಟೆಯಷ್ಟೇ ಸುದ್ದಿ.

ಇದು ಕಂಪ್ಯೂಟರ್ ಕಾಲದ ಸಮಸ್ಯೆ ಎಂದುಕೊಳ್ಳಬೇಡಿ. ಈ ಶಾಸ್ತ್ರ ಹುಟ್ಟಿದ ದಿನವೇ ಈ ಬಲೆಗೆ ಬಿದ್ದಿತ್ತು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ತೋಪುಗಾರಿಕೆಯ ಹೊಸ ತತ್ತ್ವಗಳ ಪುಸ್ತಕ ತಂದ. ತೂಗುಹಾಕಿದ ಮರದ ಹಲಗೆಗೆ ಗುಂಡು ಹೊಡೆದು, ಹಲಗೆ ಎಷ್ಟು ತೂಗಾಡಿತು ಎಂಬುದರಿಂದ ಗುಂಡಿನ ವೇಗ ಅಳೆಯುವ ಉಪಾಯ ಅವನದು. ಮದ್ದು ಗುಂಡು ಕದಲುವ ಮೊದಲೇ ಪೂರ್ತಿ ಅನಿಲವಾಗುತ್ತದೆ, ಆಗ ಒತ್ತಡ ಗಾಳಿಯ ಒತ್ತಡದ ಸುಮಾರು 1,000 ಪಟ್ಟು ಇರುತ್ತದೆ ಎಂದು ಊಹಿಸಿ ಅವನು ವೇಗ ಲೆಕ್ಕ ಹಾಕಿದ. ಲೆಕ್ಕ ಹಲಗೆಯ ಅಳತೆಗೆ ಚೆನ್ನಾಗಿಯೇ ಹೊಂದಿತು. ಯಾರಿಗಾದರೂ ಸಿದ್ಧಾಂತ ಗೆದ್ದಿತು ಎನಿಸಬೇಕಾದ ಫಲಿತಾಂಶ. 1875ರಲ್ಲಿ ಆಂಡ್ರ್ಯೂ ನೋಬಲ್ ಮತ್ತು ಫ್ರೆಡರಿಕ್ ಏಬಲ್ ಗಟ್ಟಿ ಉಕ್ಕಿನ ಮುಚ್ಚಿದ ಪಾತ್ರೆಯಲ್ಲಿ ಕರಿಮದ್ದನ್ನು ತುಂಬ ತುಂಬಿ ಉರಿಸಿ ನೇರವಾಗಿ ಅಳೆದಾಗ ಬಂದ ಒತ್ತಡ 6,000 ಪಟ್ಟಿಗೂ ಮೇಲೆ! ರಾಬಿನ್ಸನ ಎರಡು ಊಹೆಗಳೂ ತಪ್ಪು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿತ್ತು, ವೇಗ ಮಾತ್ರ ಸರಿಯಾಗಿ ಬಂದಿತ್ತು. (ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಎಂಜಿನಿಯರಾಗಿ ನಮ್ಮ ದಕ್ಷಿಣಕ್ಕೇ ಬಂದ. 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ.)

ಗುಂಡಿ ತಿರುಗಿಸುವ ಚಟ

ಇಂದಿನ ಸಾಫ್ಟ್‌ವೇರ್ ರಾಬಿನ್ಸನಿಗಿಂತ ಬಹಳ ಮುಂದಿದೆ, ಸಂಶಯವಿಲ್ಲ. ಆದರೂ ಹವ್ಯಾಸಿಗಳ ಸಾಫ್ಟ್‌ವೇರಿನ ಒಳಗಿರುವುದು ಕೋವಿಯಲ್ಲಿ ತೋಟೆ ಕೂರುವ ಇಡೀ ಕೋಣೆಯ ಅನಿಲವನ್ನು ಒಂದೇ ಮುದ್ದೆಯೆಂದು ಕಾಣುವ ಸರಳ ಮಾದರಿ. ಎಲ್ಲ ಕಾಳುಗಳೂ ಒಂದೇ ಗಳಿಗೆಯಲ್ಲಿ ಹೊತ್ತಿಕೊಳ್ಳುತ್ತವೆ ಎಂದು ಅದು ನಂಬುತ್ತದೆ. ಸೈನ್ಯಗಳೂ ತೋಪುಗಳಿಗೆ ಇದೇ ಜಾತಿಯ ಮಾದರಿ ಬಳಸುತ್ತವೆ. ಅಮೆರಿಕ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನಾಲಯದ ಐಬಿಎಚ್‌ವಿಜಿ2 ಅದಕ್ಕೆ ಉದಾಹರಣೆ. ವ್ಯತ್ಯಾಸವೇನೆಂದರೆ, ಅವರ ತೋಪಿನಲ್ಲಿ ಒತ್ತಡದ ಸಂವೇದಕ ಕೂತಿರುತ್ತದೆ, ಮಾದರಿಯನ್ನು ಆ ಗೆರೆಗೆ ಹೊಂದಿಸುತ್ತಾರೆ. ಹವ್ಯಾಸಿಯ ಬಳಿ ಇರುವುದು ವೇಗ ಒಂದೇ.

ಹೊಂದಿಸಲು ಇರುವ ಗುಂಡಿಗಳಾದರೋ ಹಲವು. ಮದ್ದಿನ ಚುರುಕು ಒಂದು. ಗುಂಡು ನಳಿಗೆಯ ಸುರುಳಿಗೆರೆಗಳಿಗೆ ಕಚ್ಚಿಕೊಂಡು ಹೊರಡಲು ಬೇಕಾದ ಆರಂಭಿಕ ಒತ್ತಡ ಇನ್ನೊಂದು. ತಾಮ್ರದ ಹೊದಿಕೆಯ ಗುಂಡುಗಳಿಗೆ ಕ್ವಿಕ್‌ಲೋಡ್ ತಾನಾಗಿ ಇಟ್ಟುಕೊಳ್ಳುವುದು 250 ಬಾರ್. ಕೇಸಿನ ಒಳಜಾಗ ಮತ್ತೊಂದು. ಮದ್ದಿನ ಒಟ್ಟು ಶಕ್ತಿ, ಉರಿಯದೆ ಗುಂಡಿನ ಹಿಂದೆ ಸಾಗುವ ಮದ್ದಿನ ಪಾಲು, ಹೀಗೆ ಉಳಿದವು. ಇವುಗಳಲ್ಲಿ ಯಾವುದನ್ನು ತಿರುಗಿಸಿದರೂ ವೇಗವನ್ನು 812ರಿಂದ 796ಕ್ಕೆ ತರಬಹುದು. ಒಂದೊಂದೂ ಬೇರೆ ಬೇರೆ ಗರಿಷ್ಠ ಒತ್ತಡ ಕೊಡುತ್ತದೆ. ಗಣಿತದ ಭಾಷೆಯಲ್ಲಿ, ಸಮೀಕರಣ ಒಂದು, ಅಜ್ಞಾತಗಳು ಐದಾರು.

ಇದರಲ್ಲಿ ಅಪಾಯದ ದಿಕ್ಕು ಯಾವುದು ಎಂಬುದನ್ನು ನಿಧಾನವಾಗಿ ಯೋಚಿಸಬೇಕು. ಅಳೆದ ವೇಗ ಕಡಿಮೆ ಬಂತು ಎನ್ನೋಣ. ನಿಜವಾಗಿ ಮದ್ದಿನ ಆ ಡಬ್ಬಿ ನಿಧಾನದ್ದಾಗಿದ್ದರೆ ಗರಿಷ್ಠ ಒತ್ತಡವೂ ಕಡಿಮೆಯೇ ಇರುತ್ತದೆ, ಚುರುಕಿನ ಗುಂಡಿ ಇಳಿಸಿದ್ದು ನ್ಯಾಯ. ಆದರೆ ಕಾರಣ ಬೇರೆ ಇರಬಹುದು: ನಳಿಗೆಯ ಒಳಮೈ ಒರಟು, ಇಲ್ಲವೇ ಕ್ರೋನೋಗ್ರಾಫ್ ಕಡಿಮೆ ಓದುತ್ತಿದೆ. ಆಗ ತುದಿಯ ಒತ್ತಡ ಸಾಫ್ಟ್‌ವೇರ್ ಮೊದಲು ಹೇಳಿದಷ್ಟೇ ಇದ್ದೀತು. ಬಳಕೆದಾರ ಮಾತ್ರ ಚುರುಕು ಇಳಿಸಿದ್ದಾನೆ. ಚುರುಕು ಇಳಿದಾಗ ವೇಗ ಶೇಕಡಾವಾರು ಎಷ್ಟು ಕುಗ್ಗುತ್ತದೋ ಒತ್ತಡ ಅದರ ಹಲವು ಪಟ್ಟು ಕುಗ್ಗುತ್ತದೆ. ಪರದೆಯ ಮೇಲೆ ಇಲ್ಲದ ಸಡಿಲು ಕಾಣಿಸುತ್ತದೆ. ‘ಇನ್ನೂ ಸ್ವಲ್ಪ ಮದ್ದು ಹಿಡಿಸುತ್ತೆ’ ಎಂದು ಅವನು ತಕ್ಕಡಿಗೆ ಕೈಹಾಕುವುದು ಆಗಲೇ.

ಕ್ವಿಕ್‌ಲೋಡ್ ಮಾಡಿದವರಿಗೆ ಇದು ಗೊತ್ತಿಲ್ಲದ್ದಲ್ಲ. ಪ್ರತಿ ಫಲಿತಾಂಶದ ಕೆಳಗೆ, ಮದ್ದಿನ ಉರಿಯುವ ಚುರುಕು ಶೇಕಡಾ 10 ಹೆಚ್ಚಿದ್ದರೆ ಏನು, 10 ಕಡಿಮೆಯಿದ್ದರೆ ಏನು ಎಂದು ಇನ್ನೆರಡು ಲೆಕ್ಕ ತಾನಾಗಿಯೇ ಮುದ್ರಿಸುತ್ತದೆ. ಡಬ್ಬಿಯಿಂದ ಡಬ್ಬಿಗೆ ಆಗಬಹುದಾದ ಏರುಪೇರಿನ ಎಚ್ಚರಿಕೆ ಅದು. ನನ್ನ ಮಟ್ಟಿಗೆ ಆ ಪುಟದಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲುಗಳು ಅವೇ, ಮೇಲಿನ ದೊಡ್ಡ ಅಕ್ಷರದ ಅಂಕಿಯಲ್ಲ.

ಅಂಕಿಗಳು ಬರುವುದೆಲ್ಲಿಂದ

ಮದ್ದಿನ ಚುರುಕಿನ ಅಂಕಿಗಳ ಮೂಲ ಮುಚ್ಚಿದ ಪಾತ್ರೆಯ ಪರೀಕ್ಷೆ, ನೋಬಲ್ ಮತ್ತು ಏಬಲ್ ಮಾಡಿದ್ದರ ಮೊಮ್ಮಗ. ಪಾತ್ರೆಯ ಪ್ರತಿ ಘನ ಸೆಂಟಿಮೀಟರಿಗೆ 0.2 ಗ್ರಾಂ ಆಸುಪಾಸು ಮದ್ದಿಟ್ಟು ಉರಿಸಿದರೆ ಒತ್ತಡ 2,500 ಬಾರಿನ ಸುಮಾರಿಗೆ ಏರುತ್ತದೆ. ತೋಟೆಯಲ್ಲಾದರೋ ಮದ್ದು ಅದರ ನಾಲ್ಕು ಪಟ್ಟು ಒತ್ತಾಗಿ ತುಂಬಿರುತ್ತದೆ, ಒತ್ತಡ 4,000 ಬಾರ್ ಮುಟ್ಟುತ್ತದೆ. ಅಂದರೆ ಅಳತೆ ಮಾಡಿದ ಜಾಗ ಒಂದು, ಬಳಸುವ ಜಾಗ ಇನ್ನೊಂದು. ನಡುವಿನ ದೂರವನ್ನು ಗೆರೆ ಎಳೆದು ದಾಟುತ್ತಾರೆ.

ಕೇಸಿನ ಒಳಜಾಗದ ವಿಷಯದಲ್ಲಿ ಮಾತ್ರ ತಪ್ಪು ಹೆಚ್ಚಾಗಿ ಬಳಕೆದಾರನದೇ. .308ಕ್ಕೆ ಸಾಫ್ಟ್‌ವೇರ್ 56 ಗ್ರೇನ್ ನೀರು ಹಿಡಿಯುವಷ್ಟು ಜಾಗ ಎಂದು ಮೊದಲೇ ತುಂಬಿಟ್ಟಿರುತ್ತದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಸೈನ್ಯದ ಕೇಸುಗಳ ಗೋಡೆ ದಪ್ಪ. ಹಿತ್ತಾಳೆಯ ಸಾಂದ್ರತೆ ನೀರಿನ ಎಂಟೂವರೆ ಪಟ್ಟು ಇರುವುದರಿಂದ, ಹೊರಗಿನ ಅಳತೆ ಒಂದೇ ಆಗಿರುವ ಎರಡು ಕೇಸುಗಳ ತೂಕದಲ್ಲಿ 17 ಗ್ರೇನ್ ಅಂತರವಿದ್ದರೆ ಒಳಜಾಗದಲ್ಲಿ 2 ಗ್ರೇನ್ ನೀರಿನಷ್ಟು ಅಂತರ. ತುಂಬಿದ ತೋಟೆಯಲ್ಲಿ ಇದು ಒತ್ತಡವನ್ನು ಕಣ್ಣಿಗೆ ಕಾಣುವಷ್ಟು ಏರಿಸುತ್ತದೆ. ತನ್ನದೇ ಕೋವಿಯಲ್ಲಿ ಹಾರಿಸಿದ, ಇನ್ನೂ ಡೈಗೆ ಹಾಕಿ ಕುಗ್ಗಿಸದ ಕೇಸಿಗೆ ನೀರು ತುಂಬಿ ತೂಗುವುದು ಐದು ನಿಮಿಷದ ಕೆಲಸ. ಸಾಫ್ಟ್‌ವೇರಿನ ನಿಖರತೆ ಕುರಿತ ಜಗಳಗಳಲ್ಲಿ ಅರ್ಧ ಇಲ್ಲೇ ತೀರಬೇಕಾದವು.

ಬಿಸಿಯೂ ಹೀಗೆಯೇ. ಕ್ವಿಕ್‌ಲೋಡ್ ತಾನಾಗಿ ಎಣಿಸುವುದು 21 ಡಿಗ್ರಿ ಸೆಲ್ಸಿಯಸ್. ಅರಿಜೋನಾದ ಬೇಸಿಗೆಯಲ್ಲಿ ಬಿಸಿಯೇರಿದ ನಳಿಗೆಯೊಳಗೆ ಎರಡು ನಿಮಿಷ ಕೂತ ತೋಟೆ 21 ಡಿಗ್ರಿಯಲ್ಲಿ ಇರುವುದಿಲ್ಲ. ಕೆಲವು ಮದ್ದುಗಳು ಬಿಸಿಗೆ ಹೆಚ್ಚು ಕೆರಳುತ್ತವೆ, ಕೆಲವು ಹೆಚ್ಚೇನೂ ಬದಲಾಗುವುದಿಲ್ಲ. ಪ್ರೈಮರ್ ಯಾವ ಕಂಪನಿಯದು ಎಂಬುದಂತೂ ಲೆಕ್ಕಕ್ಕೆ ಬರುವುದೇ ಅಪರೂಪ.

ಹೋಲಿಸಿ ನೋಡಬೇಕಾದ ‘ನಿಜವಾದ ಒತ್ತಡ’ವೇ ಒಂದು ಗಟ್ಟಿ ನೆಲವಲ್ಲ ಎಂಬುದು ಇನ್ನೊಂದು ತೊಡಕು. ಹಿಂದೆ ತಾಮ್ರದ ಪುಟ್ಟ ಕಂಬ ಎಷ್ಟು ಜಜ್ಜಿಹೋಯಿತು ಎಂದು ನೋಡಿ ಒತ್ತಡ ಹೇಳುತ್ತಿದ್ದರು. ಆಮೇಲೆ ಒತ್ತಿದರೆ ವಿದ್ಯುತ್ ಹೊಮ್ಮಿಸುವ ಪೀಜೋ ಸ್ಫಟಿಕದ ಸಂವೇದಕಗಳು ಬಂದವು. ತೋಟೆಗಳಿಗೆ ಒತ್ತಡದ ಮಿತಿ ಗೊತ್ತುಮಾಡುವ ಅಮೆರಿಕದ ಸಾಮಿ ಸಂಸ್ಥೆಯ ಪಟ್ಟಿಯಲ್ಲಿ .308 ವಿಂಚೆಸ್ಟರ್ ಮತ್ತು .223 ರೆಮಿಂಗ್ಟನ್ ಎರಡಕ್ಕೂ ತಾಮ್ರದ ಕಂಬದ ಅಳತೆಯಲ್ಲಿ ಮಿತಿ 52,000. ಪೀಜೋ ಮಿತಿ ನೋಡಿದರೆ ಮೊದಲನೆಯದಕ್ಕೆ 62,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಎರಡನೆಯದಕ್ಕೆ 55,000. ತಾಮ್ರ ಒಂದೇ ಎಂದದ್ದನ್ನು ಸ್ಫಟಿಕ ಬೇರೆ ಎನ್ನುತ್ತಿದೆ. ಯುರೋಪಿನ ಅಂಥದೇ ಸಂಸ್ಥೆ ಸಿಐಪಿ .308ಕ್ಕೆ ಇಟ್ಟ ಮಿತಿ 4,150 ಬಾರ್, ಅಂದರೆ ಸುಮಾರು 60,200 ಪಿಎಸ್‌ಐ. ಅವರು ಕೇಸಿಗೆ ತೂತು ಕೊರೆದು ಅಳೆಯುತ್ತಾರೆ, ಅಮೆರಿಕದವರು ಕೇಸಿನ ಗೋಡೆಯ ಮೇಲಿಂದ ಅಳೆಯುತ್ತಾರೆ. ಎರಡು ಪ್ರಯೋಗಾಲಯಗಳೇ ಹೀಗೆ ಬೇರೆ ಬೇರೆ ಅಂಕಿ ಹೇಳುವಾಗ, ಸಾಫ್ಟ್‌ವೇರ್ ಒತ್ತಡವನ್ನು ಕೊನೆಯ ಅಂಕಿಯವರೆಗೂ ಬರೆದು ತೋರಿಸುವುದನ್ನು ನೋಡಿದರೆ ನಗು ಬರುತ್ತದೆ.

ಎಲ್ಲಿ ಕೈಹಿಡಿಯುತ್ತದೆ

ಹಾಗೆಂದು ಇದು ಕೆಲಸಕ್ಕೆ ಬಾರದ್ದಲ್ಲ. ಬಾಟಲಿಯ ಕತ್ತಿನಂತಿರುವ ರೈಫಲ್ ತೋಟೆ, ಚೆನ್ನಾಗಿ ತುಂಬಿದ ಕೇಸು, ಹೆಸರುವಾಸಿ ಮದ್ದು, ಬಳಕೆದಾರನೇ ಅಳೆದ ಒಳಜಾಗ, ಇಷ್ಟಿದ್ದರೆ ಕ್ವಿಕ್‌ಲೋಡ್ ಹೇಳಿದ ವೇಗ ಅಳೆದದ್ದಕ್ಕೆ ಹೆಚ್ಚು ದೂರ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ‘ಎಷ್ಟು’ ಎಂಬುದಕ್ಕಿಂತ ‘ಎಷ್ಟು ಬದಲಾಗುತ್ತದೆ’ ಎಂಬ ಪ್ರಶ್ನೆಗೆ ಅದು ಚೆನ್ನಾಗಿ ಉತ್ತರಿಸುತ್ತದೆ. ನಳಿಗೆಯನ್ನು 24ರಿಂದ 20 ಇಂಚಿಗೆ ಕತ್ತರಿಸಿದರೆ ವೇಗ ಎಷ್ಟು ಕಳೆಯುತ್ತೇನೆ? ಗುಂಡನ್ನು ಇನ್ನೊಂದು ಮಿಲಿಮೀಟರ್ ಆಳಕ್ಕೆ ಕೂರಿಸಿದರೆ ಒತ್ತಡ ಯಾವ ಕಡೆ ಹೋಗುತ್ತದೆ? ಈ ಮದ್ದು ನಳಿಗೆಯೊಳಗೇ ಉರಿದು ಮುಗಿಯುತ್ತದೆಯೋ ಬಾಯಿಯಿಂದಾಚೆ ಬೆಂಕಿಯಾಗಿ ಹೋಗುತ್ತದೆಯೋ? ಎರಡು ಲೆಕ್ಕಗಳ ವ್ಯತ್ಯಾಸ ತೆಗೆಯುವಾಗ ಎರಡರಲ್ಲೂ ಇರುವ ಒಂದೇ ಬಗೆಯ ತಪ್ಪು ಬಹುಪಾಲು ಕಳೆದುಹೋಗುತ್ತದೆ.

ಪಿಸ್ತೂಲಿನ ನೇರ ಗೋಡೆಯ ತೋಟೆಗಳಲ್ಲಿ ಕತೆ ಅಷ್ಟು ಚೆನ್ನಾಗಿಲ್ಲ. 9 ಮಿ.ಮೀ. ಲೂಗರಿನ ಒಳಜಾಗ ಎಷ್ಟು ಚಿಕ್ಕದೆಂದರೆ ಗುಂಡು ಕೊಂಚ ಒಳಗೆ ಸರಿದರೂ ಒತ್ತಡ ಜಿಗಿಯುತ್ತದೆ. ಕೇಸಿನ ಬಾಯಿ ಗುಂಡನ್ನು ಎಷ್ಟು ಬಿಗಿಯಾಗಿ ಹಿಡಿದಿದೆ, ಪ್ರೈಮರಿನ ಸಿಡಿತವೇ ಗುಂಡನ್ನು ಮುಂದೆ ನೂಕಿತೇ ಎಂಬ ಸಂಗತಿಗಳು ರೈಫಲಿನಲ್ಲಿ ಗೌಣ, ಇಲ್ಲಿ ಪ್ರಧಾನ. ಎಲ್ಲವೂ ಒಟ್ಟಿಗೆ ಹೊತ್ತಿಕೊಂಡಿತು ಎಂದು ನಂಬುವ ಮಾದರಿಗೆ ಅವು ಕಾಣುವುದಿಲ್ಲ. ನಿಧಾನದ ಮದ್ದನ್ನು ದೊಡ್ಡ ಕೇಸಿನಲ್ಲಿ ತೀರಾ ಕಡಿಮೆ ತುಂಬಿದಾಗ ಕೆಲವೊಮ್ಮೆ ಒತ್ತಡ ಇಳಿಯುವ ಬದಲು ವಿಪರೀತ ಏರಿ ಕೋವಿ ಕೆಟ್ಟ ಪ್ರಸಂಗಗಳಿವೆ. ಮದ್ದು ಅಡ್ಡ ಬಿದ್ದು, ಬೆಂಕಿ ಅಸಮವಾಗಿ ಹರಡುವ ಆ ಲೋಕ ಸಾಫ್ಟ್‌ವೇರಿನ ಲೆಕ್ಕದಲ್ಲೇ ಇಲ್ಲ. ಅದು ನಿಶ್ಚಿಂತೆಯಿಂದ ಕಡಿಮೆ ಒತ್ತಡ ಎಂದು ಬರೆದುಕೊಡುತ್ತದೆ.

ಹೊಂದಿಸಲೇಬೇಕು ಎನ್ನುವವರು ಒಂದು ಬಿಂದುವಿಗೆ ಹೊಂದಿಸಬಾರದು. ತಯಾರಕರ ಕೈಪಿಡಿ ಹೇಳಿದ ಮಿತಿಯೊಳಗೇ ಕೆಳಗಿನಿಂದ ನಾಲ್ಕೈದು ಹಂತಗಳಲ್ಲಿ ವೇಗ ಅಳೆದು, ಆ ಗೆರೆಯ ಏರು ಮತ್ತು ಸಾಫ್ಟ್‌ವೇರಿನ ಗೆರೆಯ ಏರು ಒಂದೇ ಇದೆಯೇ ನೋಡಬೇಕು. ಗೆರೆ ಪೂರ್ತಿಯಾಗಿ ಸಮಾನಾಂತರವಾಗಿ ಕೆಳಗಿದ್ದರೆ ನಳಿಗೆಯನ್ನೋ ಕ್ರೋನೋಗ್ರಾಫನ್ನೋ ಸಂಶಯಿಸುವುದು ಮೇಲು. ಹೊಡೆತದಿಂದ ಹೊಡೆತಕ್ಕೆ ವೇಗ ಸಾಮಾನ್ಯವಾಗಿ 4 ಮೀಟರ್ ಅತ್ತಿತ್ತ ಆಡುವ ಕೋವಿಯಲ್ಲಿ ಐದು ಹೊಡೆತಗಳ ಸರಾಸರಿಗೂ ಸುಮಾರು 2 ಮೀಟರಿನ ಅನಿಶ್ಚಿತತೆ ಇರುತ್ತದೆ, ಅದಕ್ಕಿಂತ ಚಿಕ್ಕ ವ್ಯತ್ಯಾಸದ ಬೆನ್ನು ಹತ್ತುವುದು ವ್ಯರ್ಥ. ಕೈಪಿಡಿಯ ಒತ್ತಡ ಪ್ರಯೋಗಾಲಯದಲ್ಲಿ ಅಳೆದದ್ದು. ಅದಕ್ಕೂ ಸಾಫ್ಟ್‌ವೇರಿಗೂ ಜಗಳ ಬಂದರೆ ಕಡಿಮೆ ಮದ್ದು ಹೇಳಿದವರ ಮಾತು ನಡೆಯಬೇಕು. ಚಪ್ಪಟೆಯಾದ ಪ್ರೈಮರ್, ಬಿಗಿಯಾದ ಬೋಲ್ಟ್ ನೋಡಿ ಒತ್ತಡ ಅಳೆಯುತ್ತೇನೆ ಎನ್ನುವವರಿದ್ದಾರೆ. ಅಂಥ ಗುರುತು ಎದ್ದು ಕಾಣುವ ಹೊತ್ತಿಗೆ ಒತ್ತಡ ಮಿತಿ ದಾಟಿ ಬಹಳವಾಗಿರುವುದೇ ಹೆಚ್ಚು.

ಈ ಕಗ್ಗಂಟಿನಿಂದ ಹೊರಬರಲು ಕೆಲವರು ಇನ್ನೂ ಒಂದು ಹೆಜ್ಜೆ ಹೋಗುತ್ತಾರೆ. ಮದ್ದಿನ ಕೋಣೆಯ ಹೊರಮೈಗೆ ಸ್ಟ್ರೇನ್ ಗೇಜ್ ಅಂಟಿಸಿ, ಉಕ್ಕು ಎಷ್ಟು ಹಿಗ್ಗಿತು ಎಂಬುದರಿಂದ ಒತ್ತಡದ ಗೆರೆಯನ್ನೇ ಹಿಡಿಯುತ್ತಾರೆ. ಗೆರೆಯ ಆಕಾರ ನಿಜಕ್ಕೂ ಸಿಗುತ್ತದೆ: ತುದಿ ಯಾವಾಗ ಬಂತು, ಎಷ್ಟು ಚೂಪಾಗಿತ್ತು ಎಂಬುದು ಸಿಕ್ಕರೆ ಅಜ್ಞಾತಗಳಲ್ಲಿ ಎರಡು ಮೂರು ಕಳಚಿಬೀಳುತ್ತವೆ. ಆದರೆ ಆ ಗೆರೆಗೆ ಬಾರ್‌ಗಳಲ್ಲಿ ಅಳತೆ ಕೊಡಬೇಕಾದರೆ ಕೋಣೆಯ ಗೋಡೆಯ ದಪ್ಪ ಗೊತ್ತಿರಬೇಕು, ಹಿತ್ತಾಳೆ ಕೇಸು ಗೋಡೆಗೆ ಅಂಟಿಕೊಳ್ಳುವ ಮೊದಲು ತಾನೇ ನುಂಗಿದ ಒತ್ತಡವನ್ನು ಕೂಡಿಸಬೇಕು. ಇಲ್ಲವೇ ಪ್ರಯೋಗಾಲಯದಲ್ಲಿ ಒತ್ತಡ ಅಳೆದಿಟ್ಟ ತೋಟೆಗಳನ್ನು ಅದೇ ಕೋವಿಯಲ್ಲಿ ಹಾರಿಸಿ ಹೋಲಿಸಬೇಕು, ಅಂಥ ತೋಟೆಗಳು ಅಂಗಡಿಯಲ್ಲಿ ಸಿಗುವ ಸರಕಲ್ಲ.